ಬಿಳಿ ಬಟ್ಟೆಗೆ ಬಿಟ್ಟ ಜಾಗ

ಮುಂಬಯಿಗೆ ಬಂದು ಸ್ವೆಟರ್ ಮಾರುವವರ ಧೈರ್ಯವನ್ನು ಮೆಚ್ಚಬೇಕು. ಇಲ್ಲಿ ಚಳಿಗಾಲ ಅಂದರೆ ಫ್ಯಾನಿನ ವೇಗವನ್ನು ಐದರಿಂದ ಮೂರಕ್ಕೆ ಇಳಿಸುವುದು, ಅಷ್ಟೆ. ಆದರೂ ದೀಪಾವಳಿ ಮುಗಿದದ್ದೇ ತಡ, ಚೆಂಬೂರು ಸ್ಟೇಷನ್ ಹತ್ತಿರದ ಫುಟ್‌ಪಾತಿನ ಮೇಲೆ ಟಿಬೆಟಿನವರ ಅಂಗಡಿಗಳು ಸಾಲಾಗಿ ಏಳುತ್ತವೆ. ನಮ್ಮ ಜನ ಬೆವರು ಒರೆಸಿಕೊಳ್ಳುತ್ತಲೇ ಉಣ್ಣೆಯ ಟೋಪಿ ಕೊಳ್ಳುತ್ತಾರೆ. ನನ್ನ ಹೆಂಡತಿ ಸರಸ್ವತಿಯೂ ಕೊಳ್ಳುತ್ತಾಳೆ. ಮೈಸೂರಿಗೆ ಹೋದಾಗ ಬೇಕಾಗುತ್ತದಂತೆ. ನಾವು ಮೈಸೂರಿಗೆ ಹೋಗುವುದು ಏಪ್ರಿಲ್ ತಿಂಗಳಲ್ಲಿ.

ಯಾಂಗ್ಚೆನ್ ನಮಗೆ ಸಿಕ್ಕಿದ್ದು ಅಂಥ ಒಂದು ಅಂಗಡಿಯಲ್ಲೇ, ಕೆಲವು ವರ್ಷಗಳ ಹಿಂದೆ. ಸರಸ್ವತಿ ಒಂದು ನೀಲಿ ಕಾರ್ಡಿಗನ್ ಹಿಡಿದುಕೊಂಡು ತನ್ನ ಹರಕು ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಅಂಗಡಿಯ ಹೆಂಗಸು ಜಗ್ಗಲಿಲ್ಲ. ಆಗ ಇವಳು ನನ್ನ ಕಡೆ ತಿರುಗಿ, "ಸುಮ್ನೆ ನಡೀರಿ. ಸ್ವಲ್ಪ ದೂರ ಹೋದ್ರೆ ತಾನೇ ಕರೀತಾಳೆ" ಅಂದಳು. ಹೊರಟೆವು. ಹಿಂದಿನಿಂದ ದನಿ ಬಂತು.

"ಕರ್ಯಂಗಿಲ್ರೀ ಅಕ್ಕಾರ. ಆರಾಮ ಹೋಗಿ ಬರ್ರಿ."

ಸರಸ್ವತಿ ನಿಂತಲ್ಲೇ ನಿಂತಳು. ನಾನಂತೂ ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ವಾಪಸು ಹೋಗಿ ವಿಚಾರಿಸಿದರೆ, ಆಕೆ ಹುಟ್ಟಿದ್ದು ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ, ಬೆಳೆದದ್ದು ಹುಬ್ಬಳ್ಳಿ ಸಂತೆಯಲ್ಲಿ ಸ್ವೆಟರ್ ಮಾರುತ್ತ. ಹೆಸರು ಯಾಂಗ್ಚೆನ್. "ನಮ್ಮಲ್ಲೆ ವಿದ್ಯಾದ ದೇವಿ ಹೆಸರು ರೀ. ಕೈಯಾಗ ವೀಣಾ ಹಿಡದು ಕುಂತಿರ್ತಾಳ" ಅಂದಳು. "ಅಯ್ಯೋ, ಅದು ನಾನೇ ಕಣೇ!" ಅಂದಳು ನನ್ನ ಹೆಂಡತಿ. ಕಾರ್ಡಿಗನ್ನನ್ನು ಕೇಳಿದ ಬೆಲೆಗೇ ಕೊಂಡಳು. ಅವತ್ತಿನಿಂದ ಇಬ್ಬರೂ ಒಂದೇ ಹೆಸರಿನವರು.

ಪ್ರತಿ ಚಳಿಗಾಲವೂ ಅವಳು ನಮ್ಮ ಮನೆಗೆ ಬಂದಳು. ಚಹಾ ಕುಡಿದಳು, ಚಟ್ನಿಪುಡಿ ಹಾಕಿಕೊಂಡು ಉಪ್ಪಿಟ್ಟು ತಿಂದಳು, ತನ್ನ ತಾಯಿಯ ಕತೆ ಹೇಳಿದಳು. ತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಹಿಮದ ಗುಡ್ಡ ದಾಟಿ ಬಂದವರು. ಆಮೇಲೆ ಮುಂಡಗೋಡದ ಕಾಡು ಕಡಿದು ಮೆಕ್ಕೆಜೋಳ ಬಿತ್ತಿದವರು. ಜನವರಿ ಕೊನೆಗೆ ಯಾಂಗ್ಚೆನ್ ಊರಿಗೆ ಹೊರಟಾಗ ಸರಸ್ವತಿ ಅರಿಶಿನ ಕುಂಕುಮ ಕೊಟ್ಟು, ಜೊತೆಗೆ ಬ್ಲೌಸ್ ಪೀಸು ಕೊಡುತ್ತಿದ್ದಳು. ಬ್ಲೌಸ್ ಪೀಸಿನ ಸಂಗತಿ ಗೊತ್ತಲ್ಲ? ನಮ್ಮ ಹೆಂಗಸರಲ್ಲಿ ಯಾರೂ ಅದನ್ನು ಹೊಲಿಸುವುದಿಲ್ಲ. ಗೌರಿ ಹಬ್ಬಕ್ಕೆ ಒಂದು ಮನೆಯಿಂದ ಬಂದದ್ದು ಸಂಕ್ರಾಂತಿಗೆ ಇನ್ನೊಂದು ಮನೆಗೆ ಹೋಗುತ್ತದೆ. ನಮ್ಮ ಬೀರುವಿನಲ್ಲಿ ಅಂಥದ್ದರದ್ದೇ ಒಂದು ಚೀಲವಿದೆ. ಅದರಿಂದ ಕೈಗೆ ಬಂದದ್ದು ಯಾಂಗ್ಚೆನ್ ಪಾಲಿಗೆ ಹೋಗುತ್ತಿತ್ತು. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು.

ಈ ಕತೆಗಳನ್ನೆಲ್ಲ ಇಟ್ಟುಕೊಂಡು ಸರಸ್ವತಿ ಕಾದಂಬರಿ ಬರೆಯಲು ಕೂತಳು. ಅವಳು ಬರೆಯುವವಳೇ. ಎರಡು ಕಥಾಸಂಕಲನಗಳಿವೆ, ಓದಿದವರು ಹೊಗಳಿದ್ದಾರೆ, ಓದದವರು ಇನ್ನೂ ಹೆಚ್ಚು ಹೊಗಳಿದ್ದಾರೆ. ಆದರೆ ಇದು ಅವಳ ಮೊದಲ ಕಾದಂಬರಿ. ನಾನು ರಿಫೈನರಿಯಿಂದ ನಿವೃತ್ತನಾಗಿ ಮನೆಯಲ್ಲೇ ಇದ್ದವನು, ಅವಳ ಅವಸ್ಥೆಯನ್ನೆಲ್ಲ ನೋಡಿದ್ದೇನೆ. ಬೆಳಗ್ಗೆ ಎದ್ದು ಬರೆಯುವುದು, ಸಂಜೆ ಹೊಡೆದು ಹಾಕುವುದು. ಒಂದು ದಿನ ನನ್ನನ್ನು ಕೇಳಿದಳು:

"ನಾವೂ ಒಂಥರಾ ನಿರಾಶ್ರಿತರೇ ಅಲ್ವಾ ರೀ? ಇಲ್ಲಿ ಮದ್ರಾಸಿ ಅಂತಾರೆ, ಮೈಸೂರಿಗೆ ಹೋದ್ರೆ ಬಾಂಬೆಯೋರು ಬಂದ್ರು ಅಂತಾರೆ."

"ಕ್ವಾರ್ಟರ್ಸು, ಪಿಎಫ್ಫು, ರಜೆಗೆ ರೈಲಿನ ಖರ್ಚು, ಎಲ್ಲಾ ತಗೊಂಡ ನಿರಾಶ್ರಿತರನ್ನ ನಾನಂತೂ ಕಂಡಿಲ್ಲ" ಅಂದೆ.

ಅವತ್ತೆಲ್ಲ ಮುಖ ಊದಿಸಿಕೊಂಡಿದ್ದಳು. ಆದರೆ ಆ ಮಾತನ್ನು ಪುಸ್ತಕದಿಂದ ತೆಗೆದು ಹಾಕಿದಳು, ಅದು ನನಗೆ ಗೊತ್ತು. ಯಾಂಗ್ಚೆನ್‌ಳ ಸಂಗತಿಯೇ ಬೇರೆ. ಹುಬ್ಬಳ್ಳಿಯಲ್ಲಿ ಅವಳನ್ನು ಟಿಬೆಟಿನವಳು ಅನ್ನುತ್ತಾರೆ, ಚೆಂಬೂರಿನಲ್ಲಿ ನೇಪಾಳಿ ಅನ್ನುತ್ತಾರೆ. ಟಿಬೆಟ್ಟನ್ನು ಅವಳು ಕಣ್ಣಿಂದಲೂ ಕಂಡಿಲ್ಲ. ಪವಾಯಿಯಲ್ಲಿರುವ ನಮ್ಮ ಮಗಳು ಧಾತ್ರಿಗಿಂತ ಅವಳ ಕನ್ನಡ ಎಷ್ಟೋ ವಾಸಿ.

ಕಾದಂಬರಿ ಮುಗಿಯಿತು. ಬೆಂಗಳೂರಿನ ಪ್ರಕಾಶಕರು ಕಳಿಸಿ, ಕಳಿಸಿ ಅಂತ ಫೋನಿನ ಮೇಲೆ ಫೋನು ಮಾಡಿದರು. ಸರಸ್ವತಿ ಒಂದೇ ಹಟ ಹಿಡಿದಳು. ಇದು ಯಾಂಗ್ಚೆನ್ ಮನೆಯ ಕತೆ, ಅವಳು ಪೂರ್ತಿ ಕೇಳಬೇಕು, ಕೇಳಿ ಹೂಂ ಅನ್ನಬೇಕು. ಉಹೂಂ ಅಂದರೆ ಪುಸ್ತಕವೇ ಇಲ್ಲ.

"ಅಮ್ಮಾ, ಜಸ್ಟ್ ಭೇಜ್ ದೋ ನಾ. ಆಂಟಿಗೆ ಕನ್ನಡ ರೀಡಿಂಗ್ ಬರಲ್ಲ, ಅವರಿಗೆ ಹೇಗೆ ಪತಾ ಚಲೇಗಾ?" ಅಂದಳು ಧಾತ್ರಿ ಫೋನಿನಲ್ಲಿ.

"ಅದಕ್ಕೇ ಓದಿ ಹೇಳ್ಬೇಕು" ಅಂದಳು ಅವರಮ್ಮ.

ಹಾಗೆ ಈ ಜನವರಿಯಲ್ಲಿ ನಮ್ಮ ಮನೆಯಲ್ಲಿ ಓದು ಶುರುವಾಯಿತು. ಅಂಗಡಿ ತೆರೆಯುವ ಮುಂಚೆ ಬೆಳಗ್ಗೆ ಯಾಂಗ್ಚೆನ್ ಬರುವಳು. ಸರಸ್ವತಿ ಕನ್ನಡಕ ಏರಿಸಿ ಓದುವಳು. ನಾನು ಪೇಪರ್ ಹಿಡಿದುಕೊಂಡು ಕೇಳುವೆ. ಯಾಂಗ್ಚೆನ್ ಒಳ್ಳೆಯ ಶ್ರೋತೃ, ಆದರೆ ಮುಲಾಜಿಲ್ಲದವಳು. ಒಂದು ಅಧ್ಯಾಯದಲ್ಲಿ ಅವಳ ತಾಯಿ ದಿನಾ ರಾತ್ರಿ ಉತ್ತರ ದಿಕ್ಕಿಗೆ ಮುಖ ಮಾಡಿ ಅಳುತ್ತಾರೆ. ಯಾಂಗ್ಚೆನ್ ಕೈ ಅಡ್ಡ ಮಾಡಿದಳು.

"ನಮ್ಮವ್ವ ರಾತ್ರಿ ಅಳ್ತಿದ್ದಿಲ್ರೀ ಅಕ್ಕಾರ. ಹೊಲಾ ಕಾಯ್ತಿದ್ಲು. ಹಂದಿ ಬರ್ತಿದ್ವು."

ಸರಸ್ವತಿ ಒಂದು ಪುಟ ಅಳುವನ್ನು ಹೊಡೆದು ಹಂದಿಗಳನ್ನು ಸೇರಿಸಿದಳು. ನನಗೂ ಹಂದಿಗಳೇ ಹಿಡಿಸಿದವು.

ಕೊನೆಯ ಅಧ್ಯಾಯ ಬಂತು. ಇದರ ಮೇಲೆ ಸರಸ್ವತಿಗೆ ಬಹಳ ಅಭಿಮಾನ. ಹಿಂದೊಮ್ಮೆ ಯಾಂಗ್ಚೆನ್ ಮಾತಿನ ನಡುವೆ, "ಊರು ಬಿಡೂ ಹೊತ್ತಿಗೆ ನಮ್ಮ ಅವ್ವನ ಕೊಳ್ಳಾಗ ಅಕಿ ಅಜ್ಜಿ ಬಿಳಿ ಅರಿವಿ ಹಾಕಿದ್ಲಂತ" ಅಂದಿದ್ದಳು. ಕೇಳಿದ ಕೂಡಲೇ ಸರಸ್ವತಿಯ ಕಣ್ಣು ತುಂಬಿತ್ತು. ಇನ್ನೇನೂ ಕೇಳಲಾರದೆ ಯಾಂಗ್ಚೆನ್ ಕೈ ಹಿಡಿದು ಸುಮ್ಮನೆ ಕೂತಿದ್ದಳು. ಆ ಬಟ್ಟೆಯಿಂದಲೇ ಅವಳು ಕೊನೆಯ ಅಧ್ಯಾಯ ಕಟ್ಟಿದ್ದಳು. ಮೊಮ್ಮಗಳು ಇನ್ನು ತನ್ನ ಪಾಲಿಗೆ ಸತ್ತಂತೆಯೇ ಅಂತ ಅಜ್ಜಿ ಅವಳಿಗೆ ಮುಂಚಿತವಾಗಿ ಹೆಣದ ಬಟ್ಟೆ ಹೊದಿಸಿ ಕಳಿಸುತ್ತಾಳೆ. ಮೊಮ್ಮಗಳು ಅದನ್ನು ಜೀವಮಾನವಿಡೀ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು, ಕಡೆಗೆ ಮುಂಡಗೋಡದಲ್ಲಿ ಅದನ್ನೇ ಹೊದ್ದು ಕಣ್ಣು ಮುಚ್ಚುತ್ತಾಳೆ. ಓದುತ್ತ ಓದುತ್ತ ಸರಸ್ವತಿ ಕನ್ನಡಕ ತೆಗೆದು ಒರೆಸಿಕೊಂಡಳು. ನಾನೂ ಪೇಪರನ್ನು ಸ್ವಲ್ಪ ಮೇಲೆತ್ತಿಕೊಂಡೆ.

ಓದು ಮುಗಿದದ್ದೇ ಯಾಂಗ್ಚೆನ್ ಎದ್ದಳು. ಅರ್ಧ ಕುಡಿದ ಚಹಾ ಕೆಳಗಿಟ್ಟಳು, ಚೀಲ ಎತ್ತಿಕೊಂಡಳು. "ಬರ್ತೀನ್ರೀ" ಅಂದು ಚಪ್ಪಲಿ ಮೆಟ್ಟಿ ಹೋಗಿಯೇಬಿಟ್ಟಳು.

"ಮನಸ್ಸಿಗೆ ತುಂಬಾ ತಟ್ಟಿರ್ಬೇಕು" ಅಂದೆ. ನನಗೇ ನಂಬಿಕೆಯಿರಲಿಲ್ಲ.

ಮರುದಿನ ಅವಳು ಬರಲಿಲ್ಲ. ಫೋನು ಎತ್ತಲಿಲ್ಲ. ಸರಸ್ವತಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಕೇಳಿದ್ದಕ್ಕೆ ನನ್ನ ಮೇಲೇ ರೇಗಿದಳು. ನಾನು ಸ್ಟೇಷನ್ ಕಡೆ ಹೋದೆ. ಯಾಂಗ್ಚೆನ್ ಅಂಗಡಿಗೆ ನೀಲಿ ಟಾರ್ಪಾಲಿನ್ ಕಟ್ಟಿತ್ತು. ವ್ಯಾಪಾರದ ಭರಾಟೆಯಲ್ಲಿ ಯಾರೂ ಅಂಗಡಿ ಮುಚ್ಚುವುದಿಲ್ಲ.

ಪಕ್ಕದ ಅಂಗಡಿಯಲ್ಲಿ ಒಬ್ಬ ಮುದುಕರಿದ್ದರು. "ಊರಿಗೆ ಹೋದಳು" ಅಂದರು ಹಿಂದಿಯಲ್ಲಿ. "ಯಾಕೆ ಅಂತ ಹೇಳಲಿಲ್ಲ. ಅಳುತ್ತಿದ್ದಳು."

ಆಗಲೇ ನಾನು ಅವರ ಕೊರಳು ನೋಡಿದ್ದು. ತೆಳ್ಳಗಿನ ಬಿಳಿ ರೇಷ್ಮೆಯ ಪಟ್ಟಿಯೊಂದು ಜೋತಾಡುತ್ತಿತ್ತು. ದನಿ ತಗ್ಗಿಸಿ, "ನಿಮ್ಮ ಮನೆಯಲ್ಲಿ ಯಾರಾದರೂ ಹೋದರಾ?" ಅಂತ ಕೇಳಿದೆ.

ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಮೊಮ್ಮಗಳ ಮದುವೆ ಗೊತ್ತಾಯಿತು ಸಾಹೇಬ್! ಇದು ಖತಾ. ಮದುವೆಗೂ ಇದೇ, ಮನೆಗೆ ನೆಂಟರು ಬಂದರೂ ಇದೇ, ಊರಿಗೆ ಹೊರಟವರ ಕೊರಳಿಗೂ ಇದೇ. ಸುಖವಾಗಿ ಹೋಗಿ ಬಾ ಅಂತ. ಸತ್ತವರಿಗೂ ಹಾಕುತ್ತೇವೆ, ಅವರೂ ಹೊರಟವರೇ ಅಲ್ಲವಾ? ಆದರೆ ಇದು ಹೆಣದ ಬಟ್ಟೆಯಲ್ಲ."

ಸುಮ್ಮನೆ ಬರಲು ಮುಖವಿಲ್ಲದೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಹೆಂಡತಿಯ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಕಾಲುಶತಮಾನಕ್ಕೂ ಮೀರಿ ರಿಫೈನರಿಯಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಆ ಅಧ್ಯಾಯ ಕೇಳಿ ಪೇಪರಿನ ಹಿಂದೆ ಕಣ್ಣೊರೆಸಿಕೊಂಡವನೂ ನಾನೇ. ನಮ್ಮ ಕಡೆ ಅಂಚಿಲ್ಲದ ಬಿಳಿ ಬಟ್ಟೆಯನ್ನು ಮುತ್ತೈದೆಯ ಕೈಗೆ ಕೊಡುವುದಿಲ್ಲ. ಹೊಸ ಪಂಚೆಯ ಮೂಲೆಗೂ ಅರಿಶಿನ ಮುಟ್ಟಿಸದೆ ಉಡುವುದಿಲ್ಲ. ಅಂಥ ಮನೆಗಳಲ್ಲಿ ಬೆಳೆದ ನಮಗೆ ಬಿಳಿ ಬಟ್ಟೆ ಅಂದರೆ ಇನ್ನೇನು ಅಂತ ಕೇಳಬೇಕೆಂದೂ ಹೊಳೆಯಲಿಲ್ಲ.

ಸರಸ್ವತಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮುಚ್ಚಿಟ್ಟು ಏನು ಪ್ರಯೋಜನ? ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಹೋಗಿ ಬಾ ಅಂತ ಹಾಕಿದ್ದನ್ನ ನಾನು ಹೆಣಕ್ಕೆ ಸುತ್ತಿಬಿಟ್ನಲ್ಲ ರೀ" ಅಂದಳು. "ಅವಳ ತಾಯಿ ಇನ್ನೂ ಬದುಕಿದಾರೆ. ಅವಳೆದುರಿಗೇ ಅವರನ್ನ ಸಾಯಿಸಿ, ಮೇಲೆ ಹೊದಿಸಿ..."

ಅವಳು ಅತ್ತದ್ದನ್ನು ನಾನು ನೋಡಿದ್ದೇನೆ, ಆದರೆ ಹೀಗೆ ಸದ್ದಿಲ್ಲದೆ ಅತ್ತದ್ದು ನೋಡಿರಲಿಲ್ಲ. ಆಮೇಲೆ ಎದ್ದು ಪ್ರಕಾಶಕರಿಗೆ ಫೋನು ಮಾಡಿ ಪುಸ್ತಕ ಬರುವುದಿಲ್ಲ ಅಂದಳು. ಅವರು ಏನೋ ಸಮಜಾಯಿಷಿ ಹೇಳಿದರು. "ಇಲ್ಲ ಸರ್, ಅದು ನನ್ನದಲ್ಲ" ಅಂದಳು. ಹಸ್ತಪ್ರತಿಯನ್ನು ಹಳೆಯ ಸೀರೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು ಅಟ್ಟದ ಮೇಲೆ ಇಡಿ ಅಂದಳು. ಏಣಿ ಹತ್ತಿ ದಸರಾ ಗೊಂಬೆಗಳ ಪೆಟ್ಟಿಗೆಯ ಪಕ್ಕ ಇಟ್ಟೆ. ನನ್ನ ಮದುವೆಯಾದಾಗಿನಿಂದ ಅಷ್ಟು ಭಾರವಾದದ್ದನ್ನು ನಾನು ಎತ್ತಿಲ್ಲ.

ಮನೆ ಬಿಕೋ ಅನ್ನತೊಡಗಿತು. ನಾನು ಕೀಟಲೆ ಮಾಡಿದರೂ ಅವಳು ತಿರುಗಿ ಬೀಳಲಿಲ್ಲ. ಅದಕ್ಕಿಂತ ಕೆಟ್ಟ ಲಕ್ಷಣ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ತಿಂಗಳ ಕೊನೆ ಹತ್ತಿರ ಬಂತು. ಅಂಗಡಿಗಳು ಒಂದೊಂದಾಗಿ ಗಂಟು ಕಟ್ಟತೊಡಗಿದವು. ಇನ್ನು ಮುಂದಿನ ದೀಪಾವಳಿಯವರೆಗೆ ಅವಳ ಮುಖ ಕಾಣುವುದಿಲ್ಲ, ಆಮೇಲೂ ಕಾಣುತ್ತೇವೋ ಇಲ್ಲವೋ ಅಂದುಕೊಂಡೆವು.

ಅಷ್ಟರಲ್ಲಿ ಒಂದು ಬೆಳಗ್ಗೆ ಬೆಲ್ಲು. ಬಾಗಿಲು ತೆಗೆದರೆ ಯಾಂಗ್ಚೆನ್.

"ಉಪ್ಪಿಟ್ಟು ಐತೇನ್ರಿ ಸಾಹೇಬ್ರ?" ಅಂದಳು.

ಸರಸ್ವತಿ ಅಡಿಗೆಮನೆಯಿಂದ ಬಂದವಳು ಅಲ್ಲೇ ಗೋಡೆಗೆ ಒರಗಿ ನಿಂತಳು. "ನನ್ನದು ತಪ್ಪಾಯ್ತು ಕಣೇ" ಅಂದಳು. "ಖತಾ ಅಂದ್ರೆ ಏನೂಂತ ನಂಗೆ ಗೊತ್ತಿರ್ಲಿಲ್ಲ. ಕೇಳ್ಬೇಕಿತ್ತು. ಪುಸ್ತಕ ನಿಲ್ಲಿಸ್ಬಿಟ್ಟೆ. ನಿಮ್ಮಮ್ಮಂಗೆ ಹೇಳ್ಬೇಡ."

"ಹೇಳೇನಿ. ಹೇಳಾಕಂತನ ಹೋಗಿದ್ದೆ" ಅಂದಳು ಯಾಂಗ್ಚೆನ್, ಕುರ್ಚಿ ಎಳೆದುಕೊಂಡು ಕೂರುತ್ತ. "ಸಿಟ್ಟು ಬಂದಿತ್ರೀ ಅಕ್ಕಾರ, ಸುಳ್ಳ ಹೇಳಂಗಿಲ್ಲ. ಇದೇನ್ ಹುಚ್ಚರಂಗ ಬರದಾರ ಅನಿಸ್ತು. ಆದ್ರ ತಪ್ಪಂತ ಗೊತ್ತಿದ್ರೂ, ಅವ್ವ ಸತ್ತಿದ್ದ ಕೇಳಿ ಎದಿ ಒಡದಂಗಾತು. ಇಲ್ಲೆ ಕುಂತು ಟೋಪಿ ಮಾರಾಕ ಮನಸ್ಸಾಗಲಿಲ್ಲ. ಅಕಿ ಮಾರಿ ನೋಡಬೇಕನಿಸ್ತು. ಬಸ್ ಹತ್ತಿದೆ. ಚಾರ್ಜರ್ ಇಲ್ಲೇ ಅಂಗಡ್ಯಾಗ ಉಳೀತು, ಫೋನು ಬಂದಾತು. ವಾಪಸ್ ಬರೂ ಮುಂದ ಹೊಸಾದು ತಗೊಂಡೆ."

"ಆಮೇಲೆ?" ಅಂದೆ ನಾನು.

"ಆಮ್ಯಾಲ ಏನು, ಅವ್ವನ ಮುಂದ ಪೂರಾ ಪುಸ್ತಕ ನನಗ ತಿಳದಂಗ ಹೇಳ್ದೆ. ಹಂದಿ ಬಂದಾಗ ನಕ್ಕಳು. ಕಡೀಕ ಬಿಳಿ ಅರಿವಿ ಬಂತು. ಆ ಖತಾ ಈಗ ಎಲ್ಲೈತಿ ಅಂತ ನಾ ಹುಟ್ಟಿದಾಗಿಂದ ಕೇಳೇ ಇದ್ದಿಲ್ರೀ. ಅವತ್ತು ಕೇಳ್ದೆ."

ತಾಯಿ ಹೇಳಿದ್ದು ಇಷ್ಟು. ಗುಡ್ಡ ದಾಟುವಾಗ ಜೊತೆಗಿದ್ದ ಬಸುರಿಯೊಬ್ಬಳಿಗೆ ಹಿಮದ ನಡುವೆಯೇ ಹೆರಿಗೆಯಾಯಿತು. ಕೂಸಿನ ತಲೆಗೆ ಸುತ್ತಲು ಯಾರ ಹತ್ತಿರವೂ ಒಣಗಿದ ಬಟ್ಟೆ ಇರಲಿಲ್ಲ. ಹುಡುಗಿ ತನ್ನ ಅಂಗಿಯೊಳಗಿದ್ದ ಅಜ್ಜಿಯ ಖತಾ ತೆಗೆದು ಕೊಟ್ಟಳು. ಕೂಸು ಬದುಕಿತು. ಖತಾ ಕೂಸಿನ ಜೊತೆ ಯಾವ ಕ್ಯಾಂಪಿಗೋ ಹೋಯಿತು.

"ಅಕ್ಕಾರಿಗೆ ಹೇಳು ಅಂದಾಳ. ದಾರ್ಯಾಗ ಬಾಳ ಮಂದಿ ಸತ್ರು, ಅವರಿಗೆ ಹೊಚ್ಚಾಕ ಅರಿವಿ ಇದ್ದಿಲ್ಲ. ಅದನ್ನ ಅಕ್ಕಾರು ಬರೀಲಿ. ಆದ್ರ ನನ್ನ ಅರಿವಿ ಕೂಸಿನ ತಲೀಗೆ ಹೋತು, ಅದನ್ನೂ ಬರೀಲಿ."

ಸರಸ್ವತಿ ಅವಳ ಹತ್ತಿರ ಬಂದು ಕೂತಳು. "ಹಾಗಾದ್ರೆ... ಹೂಂ ಅಂದ್ರಾ?"

"ಹೂಂ ಅಂದಾಳ. ನಂದೂ ಹೂಂ." ಯಾಂಗ್ಚೆನ್ ಚೀಲದಿಂದ ಫೋನು ತೆಗೆದಳು. "ನೀವಷ್ಟ ಯಾಕ ಅಳ್ತೀರಿ? ನಾವೇನ್ ಕಡಿಮಿ ಅದೀವಿ? ಇದನ್ನ ನೋಡ್ರಿ."

ಫೋಟೋದಲ್ಲಿ ಮುಂಡಗೋಡದ ಮನೆ, ಮುಂದೆ ನಗುತ್ತ ನಿಂತ ಮುದುಕಿ. ಮಾಡಿನಿಂದ ಮಾವಿನ ಮರದವರೆಗೆ ಹಗ್ಗ. ಹಗ್ಗದ ತುಂಬ ಗಾಳಿಗೆ ಹಾರುವ ಬಣ್ಣದ ಬಟ್ಟೆಗಳು, ಮೇಲೆ ಕಪ್ಪು ಅಕ್ಷರದ ಮಂತ್ರ. ಸರಸ್ವತಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಈ ಹಸಿರು... ಇದು ನಮ್ಮ ಸೊಸೈಟಿ ಚಂಪಾ ಕೊಟ್ಟಿದ್ದ ಬ್ಲೌಸ್ ಪೀಸಲ್ವಾ?"

"ಎಲ್ಲಾ ನಿಮ್ಮವ ರೀ! ಇಷ್ಟ ಚಂದನ ಅರಿವಿ ಯಾಕ ಕೊಡ್ತಾರು ಅಂತ ಅವ್ವ ಕೇಳಿದ್ಲು. ದೇವರ ಮುಂದ ಕುಂಕುಮ ಹಚ್ಚಿ ಕೊಡ್ತಾರ ಅಂದೆ. ಹಂಗಾದ್ರ ಇದು ಮಂತ್ರದ ಪತಾಕಿಗೇ ಅಂದು ಗುಡಿಗೆ ಒಯ್ದು ಅಚ್ಚು ಹಾಕಿಸಿದ್ಲು. ಅದು ಕುಬಸಾ ಹೊಲಿಸೂ ಅರಿವಿ ಅಂತ ನನಗ ಈಗ, ವಾಪಸ್ ಬರೂ ಮುಂದ ಗೊತ್ತಾತು. ಬಸ್ಸಿನ್ಯಾಗ ಬಾಜೂ ಕುಂತಾಕಿ ಫೋಟೋ ನೋಡಿ ಬಿದ್ದ ಬಿದ್ದ ನಕ್ಕಳು. ನೀವು ನಮ್ಮ ಖತಾ ಹೆಣಕ್ಕ ಹೊಚ್ಚಿದ್ರಿ, ನಾವು ನಿಮ್ಮ ಕುಬಸದ ಅರಿವಿ ಗಾಳಿಗೆ ಬಿಟ್ಟೀವಿ. ಲೆಕ್ಕ ಚುಕ್ತಾ."

ಮೊದಲು ನಕ್ಕವನು ನಾನು. ಚೀಲದಿಂದ ಚೀಲಕ್ಕೆ ಅಲೆದಾಡುವ ಬ್ಲೌಸ್ ಪೀಸುಗಳಲ್ಲಿ ಕೊನೆಗೂ ಕೆಲವಕ್ಕೆ ಒಂದು ಮನೆ ಸಿಕ್ಕಿತಲ್ಲ ಅಂದೆ. ಆಮೇಲೆ ಸರಸ್ವತಿ ಶುರು ಮಾಡಿದಳು. ನಗುತ್ತ ನಗುತ್ತ ಅಳು ಬಂತು, ಅಳುತ್ತ ಅಳುತ್ತ ನಗು ಬಂತು, ಸೆರಗು ಪೂರ್ತಿ ಒದ್ದೆಯಾಯಿತು. ಎಷ್ಟೋ ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಹೋಯಿತು.

ಯಾಂಗ್ಚೆನ್ ಚೀಲದಿಂದ ಮಡಿಚಿದ ಬಿಳಿ ರೇಷ್ಮೆ ತೆಗೆದಳು. "ಅವ್ವ ಕೊಟ್ಟಾಳ" ಅಂದು ಎರಡೂ ಕೈಯಲ್ಲಿ ಹಿಡಿದು ಸರಸ್ವತಿಯ ಕೊರಳಿಗೆ ಹಾಕಿದಳು. ಹಾಳಾದ್ದು ಅಭ್ಯಾಸ, ಎಲ್ಲ ತಿಳಿದೂ ನನ್ನ ಕೈ ತಾನಾಗಿ ನನ್ನ ಎದೆಯ ಮೇಲೆ ಹೋಯಿತು, ಬಡಿತ ಸರಿಯಿದೆಯಾ ಅಂತ ನೋಡಿಕೊಳ್ಳಲು.

"ಏನೂ ಆಗಿಲ್ಲ, ಇದೀರಿ ನೀವು. ಏಣಿ ತನ್ನಿ" ಅಂದಳು ಸರಸ್ವತಿ.

ನನ್ನ ಹೆಂಡತಿ ನನಗೆ ವಾಪಸು ಸಿಕ್ಕಿದಳು. ಅಟ್ಟ ಹತ್ತಿ ಗಂಟು ಇಳಿಸಿದೆ. ಅವಳು ಕೊನೆಯ ಅಧ್ಯಾಯವನ್ನು ಬಿಡಿಸಿ ತೆಗೆದು, ಎರಡಾಗಿ ಹರಿದು, ಹಳೆಯ ಪೇಪರಿನ ರಾಶಿಗೆ ಹಾಕಿದಳು. ಮುಖದಲ್ಲಿ ಒಂದಿಷ್ಟೂ ಸಂಕಟವಿರಲಿಲ್ಲ. ಹೊಸ ಅಧ್ಯಾಯವನ್ನು ಮುಂಡಗೋಡಕ್ಕೆ ಹೋಗಿ ತಾಯಿಯೆದುರೇ ಓದುವುದೆಂದು ಅಲ್ಲೇ ತೀರ್ಮಾನವಾಯಿತು. ಟಿಕೆಟ್ ಮಾಡಿಸುವ ಕೆಲಸ ಎಂದಿನಂತೆ ನನ್ನ ತಲೆಗೆ.

ಯಾಂಗ್ಚೆನ್ ಹೊರಟಾಗ ಸರಸ್ವತಿ ಕುಂಕುಮದ ಬಟ್ಟಲು ತಂದಳು. ಬ್ಲೌಸ್ ಪೀಸಿನ ಚೀಲವನ್ನು ಪೂರ್ತಿ ಸೋಫಾದ ಮೇಲೆ ಸುರಿದು, "ಈ ಸಲ ನೀನೇ ಆರಿಸ್ಕೋ. ಯಾವ ಬಣ್ಣ ಬೇಕು?" ಅಂದಳು.

ಯಾಂಗ್ಚೆನ್ ನೋಡಿದಳು. ಮತ್ತೆ ಆ ಫೋಟೋ ತೆಗೆದು ಬೆರಳಿಟ್ಟು ತೋರಿಸಿದಳು. ನೀಲಿ, ಆಮೇಲೆ ಬರೀ ಹಗ್ಗ, ಆಮೇಲೆ ಕೆಂಪು, ಹಸಿರು, ಹಳದಿ. ಮತ್ತೆ ನೀಲಿ, ಮತ್ತೆ ಬರೀ ಹಗ್ಗ.

"ಐದೂ ಬಣ್ಣ ಸಾಲಿನಾಗ ಬರಬೇಕ್ರಿ, ಅಲ್ಲೆ ಬಿಳೀದು. ನೀವು ಒಮ್ಮೆನೂ ಬಿಳೀದು ಕೊಡಲಿಲ್ಲ. ಬ್ಯಾರೆ ಅರಿವಿ ಹಾಕ್ತೀನಂದ್ರ ಅವ್ವ ಕೇಳವಲ್ಲಳು. ಅಕ್ಕಾರ ಕೊಟ್ಟಾಗ ಹಾಕೂಣಂತ, ಜಾಗಾ ಇರಲಿ ಅಂತಾಳ."

ಆ ರಾಶಿಯಲ್ಲಿ ಬಿಳಿ ಎಲ್ಲಿಂದ ಬರಬೇಕು? ಯಾವ ಮುತ್ತೈದೆ ಯಾವ ಮುತ್ತೈದೆಗೆ ಬಿಳಿ ಬ್ಲೌಸ್ ಪೀಸು ಕೊಟ್ಟಾಳು? ಸರಸ್ವತಿ ಆ ಬಣ್ಣಗಳನ್ನೆಲ್ಲ ಒಮ್ಮೆ ಕೈಯಾಡಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ನನ್ನ ಬೀರು ತೆಗೆದಳು. ವಾಪಸು ಬಂದಾಗ ಕೈಯಲ್ಲಿ ಧಾತ್ರಿಯ ಗೃಹಪ್ರವೇಶಕ್ಕೆ ನನಗೆ ಉಡುಗೊರೆ ಬಂದಿದ್ದ ಹೊಸ ಪಂಚೆ ಮತ್ತು ಕತ್ತರಿ.

"ಅದು ನನ್ನದು ಕಣೇ, ಮಡಿಕೆ ಕೂಡ ಬಿಚ್ಚಿಲ್ಲ" ಅಂದೆ.

"ಗೊತ್ತು" ಅಂದಳು.

ಜರಿ ಅಂಚನ್ನು ಬಿಟ್ಟು ಅಚ್ಚ ಬಿಳಿಯ ಭಾಗದಲ್ಲಿ ಎರಡು ಚೌಕ ಕತ್ತರಿಸಿದಳು. ಅಭ್ಯಾಸಬಲದಿಂದ ಅರಿಶಿನದ ಬಟ್ಟಲಿಗೆ ಬೆರಳು ಅದ್ದಿ ಬಟ್ಟೆಯ ಮೂಲೆಯ ತನಕ ತಂದಳು. ಅಲ್ಲಿಗೆ ತಡೆದು, ಆ ಅರಿಶಿನವನ್ನು ಯಾಂಗ್ಚೆನ್ ಕೆನ್ನೆಗೆ ಹಚ್ಚಿದಳು. ಬಟ್ಟೆಯನ್ನು ಹಾಗೇ ಬಿಳಿಯಾಗಿಯೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಹೋಗಿ ಬಾ" ಅಂದಳು.